ಅಪ್‌ಡೇಟ್: ಮುಂಡಗೋಡದ ಟಿಬೆಟನ್ ಮಕ್ಕಳ ಓದಿಗೆ ಕಲಬುರಗಿಯಿಂದ ರೊಕ್ಕ ಕಳಿಸುವುದು

ಚಳಿಗಾಲಕ್ಕೆ ಕಲಬುರಗಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ ಕುಟುಂಬಗಳ ಮಕ್ಕಳ ಓದಿಗೆ ನಾವು ಕೆಲವರು ಸೇರಿ ನೆರವಾಗುವುದು ಹೇಗೆ, ಟ್ರಸ್ಟ್ ಒಂದಕ್ಕೆ ಹಾಕಿದ ರೊಕ್ಕ ವಾಪಸ್ ಬಂದದ್ದೇಕೆ ಎಂದು ಕೇಳಿದ್ದೆ. ದಾರಿ ಸಿಕ್ಕಿದೆ.

ತೊಡಕು ಖಾತೆಯದು. ಇಂಥ ಸಂಸ್ಥೆಗಳಿಗೆ ವಿದೇಶಿ ದಾನಿಗಳೂ ಇರುವುದರಿಂದ ಕರಪತ್ರದಲ್ಲಿ ಎದ್ದು ಕಾಣುವುದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಖಾತೆ. ವಿದೇಶಿ ದೇಣಿಗೆ ಬಂದಿಳಿಯುವ ಆ ಖಾತೆ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕು. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್‌ನ ಕೊನೆಯಲ್ಲಿ 00691 ಕಂಡರೆ ಅಲ್ಲೇ ನಿಲ್ಲಿ. ಅದಕ್ಕೆ ಬೇರೆ ಹಣ ಸೇರಿಸುವಂತಿಲ್ಲ. ‘ದೇಶೀಯ ದೇಣಿಗೆ ಖಾತೆ ಯಾವುದು?’ ಎಂದು ಬಾಯ್ಬಿಟ್ಟೇ ಕೇಳಬೇಕು. ದುಬೈಯಲ್ಲಿ ದುಡಿಯುವ ತಮ್ಮನೊಬ್ಬ ಭಾರತದ ಪಾಸ್‌ಪೋರ್ಟ್‌ನವನಾಗಿದ್ದು ಸ್ವಂತ ಉಳಿತಾಯದಿಂದ ಕೊಟ್ಟರೂ ಈ ದೇಶೀಯ ಖಾತೆಯೇ. ಅಮೆರಿಕದ ಪೌರತ್ವ ಪಡೆದ ಅಕ್ಕ ಕೊಟ್ಟರೆ ಮಾತ್ರ ದೆಹಲಿಯದು.

80ಜಿ (ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ) ಬೇಕಿದ್ದವರು ನಗದು ಕೊಡಬೇಡಿ. 2,000 ರೂಪಾಯಿ ದಾಟಿದ ನಗದಿಗೆ ವಿನಾಯಿತಿ ಇಲ್ಲ. ಒಬ್ಬರೇ ಎಲ್ಲರ ಪರವಾಗಿ ಕಟ್ಟಿದರೆ ಪ್ರಮಾಣಪತ್ರ ಅವರ ಪ್ಯಾನ್‌ಗಷ್ಟೇ ಬರುತ್ತದೆ, ಉಳಿದವರಿಗೆ ಚೊಂಬು. ಹೊಸ ತೆರಿಗೆ ಪದ್ಧತಿಯವರಿಗೆ ಈ ತಲೆನೋವೇ ಇಲ್ಲ, ವಿನಾಯಿತಿಯೂ ಇಲ್ಲ.

ರೊಕ್ಕ ಕಳಿಸಿದ ದಿನವೇ ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ), ಪ್ಯಾನ್, ‘ಹಾಸ್ಟೆಲ್ ಖರ್ಚಿಗೆ’ ಎಂಬ ಒಕ್ಕಣೆ, ಮೂರನ್ನೂ ಒಂದೇ ಇಮೇಲ್‌ನಲ್ಲಿ ಹಾಕಿ. ಉದ್ದೇಶ ಬರೆಯದಿದ್ದರೆ ಸಾಮಾನ್ಯ ನಿಧಿಗೆ ಹೋಗಿಬಿಡಬಹುದು.