ಬ್ರಿಟನ್ನಿನಲ್ಲಿ ವೇಗದ ದಂಡ: ಕೋರ್ಟಿಗೆ ಹೋಗಲೇ, ಬೇಡವೇ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. 30 ಮೈಲಿ ಮಿತಿಯ ರಸ್ತೆಯಲ್ಲಿ 36ರ ವೇಗದಲ್ಲಿ ಹೋದೆನೆಂದು ಪೊಲೀಸರ ನೋಟಿಸ್ ಬಂದಿದೆ. ಕೈಸೇರಿದ್ದು ಹಾಗೆ ಹೋದ 19ನೇ ದಿನಕ್ಕೆ. 14 ದಿನ ದಾಟಿದರೆ ಕೇಸು ಬಿದ್ದುಹೋಗುತ್ತದೆ, ಕೋರ್ಟಿನಲ್ಲಿ ಗೆಲ್ಲಬಹುದು ಎನ್ನುತ್ತಾರೆ ಗೆಳೆಯರು. ಕಾರು ಲೀಸಿನದು. ಕಳೆದ ಚಳಿಗಾಲದಲ್ಲಿ ಕೆಂಪು ದೀಪ ದಾಟಿದ್ದಕ್ಕೆ ಪರವಾನಗಿಯ ಮೇಲೆ 3 ದಂಡದ ಪಾಯಿಂಟ್ ಬಿದ್ದಿವೆ. ಇಲ್ಲಿನ ಪರೀಕ್ಷೆ ಪಾಸಾಗಿ 16 ತಿಂಗಳಾಯಿತು, ಮೈಸೂರಿನಲ್ಲಿ 11 ವರ್ಷ ಓಡಿಸಿದ್ದೇನೆ.

ವಕೀಲರ ಉತ್ತರ: 14 ದಿನದ ನಿಯಮ ನಿಜ. 1988ರ ರಸ್ತೆ ಸಂಚಾರ ಅಪರಾಧಿಗಳ ಕಾಯಿದೆಯಲ್ಲೇ ಇದೆ. ಆದರೆ ಆ ಗಡುವು ನೋಂದಣಿಯಲ್ಲಿ ಹೆಸರಿರುವವರಿಗೆ ಹೋಗುವ ಮೊದಲ ನೋಟಿಸಿಗೆ ಮಾತ್ರ. ಲೀಸಿನ ಕಾರಿಗೆ ಸಾಮಾನ್ಯವಾಗಿ ಅಲ್ಲಿರುವುದು ಕಂಪನಿಯ ಹೆಸರು. ಅವರು ನಿಮ್ಮತ್ತ ಬೊಟ್ಟು ಮಾಡಿದ ಮೇಲೆ ಬಂದ ಎರಡನೆಯ ಕಾಗದ ನಿಮ್ಮ ಕೈಯಲ್ಲಿದೆ. ಮೊದಲನೆಯದು ಎಂದು ತಲುಪಿತೆಂದು ಅವರನ್ನೇ ಕೇಳಿ. ಅದೂ ತಡವಾಗಿದ್ದರೆ ಮಾತು ಬೇರೆ.

ನನಗೆ ಕಳವಳವಾದದ್ದು ಆ 16 ತಿಂಗಳ ಬಗ್ಗೆ. ಹಳೆಯ 3ಕ್ಕೆ ಈ ವೇಗದ 3 ಸೇರಿದರೆ 6. ಪಾಸಾದ 2 ವರ್ಷದೊಳಗಿನ ತಪ್ಪುಗಳಿಗೆ 6 ಪಾಯಿಂಟ್ ಆದರೆ, 1995ರ ಹೊಸ ಚಾಲಕರ ಕಾಯಿದೆಯಂತೆ ಪರವಾನಗಿಯೇ ರದ್ದು. ಮೈಸೂರಿನ 11 ವರ್ಷ ಇಲ್ಲಿ ಲೆಕ್ಕಕ್ಕಿಲ್ಲ. ರದ್ದು ಮಾಡುವುದು ಪರವಾನಗಿ ಇಲಾಖೆ, ಹಾಗಾಗಿ ಕೆಲಸ ಹೋಗುತ್ತದೆಂದು ನ್ಯಾಯಾಧೀಶರ ಮುಂದೆ ಗೋಗರೆದರೂ ಫಲವಿಲ್ಲ. ಮತ್ತೆ ಕಲಿಯುವವರ ಪರವಾನಗಿ, ಮತ್ತೆ ಥಿಯರಿ, ಚಾಲನೆ ಎರಡೂ ಪರೀಕ್ಷೆ.

ಆದ್ದರಿಂದ 28 ದಿನದೊಳಗೆ ಚಾಲಕ ತಾನೇ ಎಂದು ತುಂಬಿ ಕಳಿಸಿ. ಕಳೆದ 3 ವರ್ಷದಲ್ಲಿ ವೇಗದ ಅರಿವಿನ ತರಗತಿಗೆ ಹೋಗಿಲ್ಲವಾದರೆ, 36ರ ವೇಗಕ್ಕೆ ಪೊಲೀಸರು ಸಾಮಾನ್ಯವಾಗಿ ಅದನ್ನೇ ಮುಂದಿಡುತ್ತಾರೆ. ಶುಲ್ಕ ಕಟ್ಟಿ ಕೆಲವು ಗಂಟೆ ಕುಳಿತರೆ ಒಂದು ಪಾಯಿಂಟೂ ಇಲ್ಲ.

ಪ್ರಶ್ನೆ ಕೇಳಿದವರು: ನನ್ನ ಹೆಂಡತಿಗೆ ಪಾಯಿಂಟುಗಳೇ ಇಲ್ಲ. ಅವಳ ಹೆಸರು ಬರೆದರೆ?

ವಕೀಲರು: ಈ ಸಾಲನ್ನು ದಯವಿಟ್ಟು ಅಳಿಸಿ. ಮುಂದೆ ಸಚಿವರಾದ ಕ್ರಿಸ್ ಹ್ಯೂನ್ ಅವರು 2003ರಲ್ಲಿ ಇದನ್ನೇ ಮಾಡಿದರು. ಹತ್ತು ವರ್ಷದ ನಂತರ, 2013ರಲ್ಲಿ, ಅವರಿಗೂ ಮಾಜಿ ಪತ್ನಿಗೂ ತಲಾ 8 ತಿಂಗಳ ಜೈಲು.

ಬೆಂಗಳೂರಿನ ಸದಸ್ಯರು: ಸುಮ್ಮನೆ ಕಾಯಿರಿ. 2023ರಲ್ಲಿ ನಮಗೆ ಹಳೆಯ ದಂಡಗಳ ಮೇಲೆ ಅರ್ಧ ರಿಯಾಯಿತಿ ಸಿಕ್ಕಿತ್ತು!

ವಕೀಲರು: ಆ ಸಂತೆ ಇಲ್ಲಿ ನೆರೆಯುವುದಿಲ್ಲ. ಚಾಲಕನ ಹೆಸರು ಹೇಳದಿದ್ದರೆ ಅದೇ ಬೇರೆ ಅಪರಾಧ: 6 ಪಾಯಿಂಟ್, 1,000 ಪೌಂಡ್‌ವರೆಗೆ ದಂಡ. ಇವರ ಪಾಲಿಗೆ ಅಲ್ಲಿಗೇ ಪರವಾನಗಿ ಮುಗಿಯಿತು.

ಇನ್ನೊಬ್ಬರು: ಹಾಗಾದರೆ ಕೋರ್ಟಿಗೆ ಯಾರೂ ಹೋಗಬಾರದೇ?

ವಕೀಲರು: ಹೋಗಬೇಕು, ಹಿಡಿದುಕೊಳ್ಳಲು ಏನಾದರೂ ಇದ್ದರೆ. ಮೊದಲು ಪೊಲೀಸರಿಂದ ಚಿತ್ರ ಕೇಳಿ. ಕಾರು ನಿಮ್ಮದಲ್ಲ, ಓಡಿಸಿದ್ದು ನೀವಲ್ಲ, ಮಿತಿಯ ಫಲಕವೇ ಸರಿಯಿರಲಿಲ್ಲ ಎಂಬಂಥ ವಾದಗಳಿಗೆ ತೂಕವಿದೆ. "ಎಲ್ಲರೂ ಅದೇ ವೇಗದಲ್ಲಿದ್ದರು" ಎಂಬುದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಅದರಿಂದ ಗೆದ್ದವರನ್ನು ಕಂಡಿಲ್ಲ. ಕೋರ್ಟಿನ ನೋಟಿಸಿಗೆ 21 ದಿನದಲ್ಲಿ ಉತ್ತರಿಸಬೇಕು. ತಪ್ಪಿಲ್ಲ ಎಂದರೆ ವಿಚಾರಣೆ.

ಲೆಕ್ಕವನ್ನೂ ನೋಡಿ. ನಿಗದಿತ ದಂಡ 100 ಪೌಂಡ್, 3 ಪಾಯಿಂಟ್. ಕೋರ್ಟಿನಲ್ಲಿ ಸೋತರೆ ಈ ವೇಗಕ್ಕೆ ವಾರದ ಆದಾಯದ ಅರ್ಧ ದಂಡ. ವಾರಕ್ಕೆ 600 ಪೌಂಡ್ ಗಳಿಸುವವರಿಗೆ 300, ಅದರ ಮೇಲೆ ಶೇ 40ರ ಸರ್ಚಾರ್ಜ್ 120, ಜತೆಗೆ ಪ್ರಾಸಿಕ್ಯೂಷನ್ ವೆಚ್ಚ. ಪಾಯಿಂಟ್ ಅಷ್ಟೇ 3.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ: ಲೀಸಿನವರಿಗೆ ಮೊದಲ ನೋಟಿಸ್ 6ನೇ ದಿನವೇ ತಲುಪಿತ್ತಂತೆ. ತರಗತಿಗೆ ಅವಕಾಶ ಬಂದಿದೆ, ಶನಿವಾರ ಹೋಗುತ್ತೇನೆ. ಆದರೆ ನನ್ನ ಹೆಸರು ಬರೆದು ಕಳಿಸಿದ್ದಕ್ಕೆ ಕಂಪನಿ 35 ಪೌಂಡ್ ಶುಲ್ಕ ಕತ್ತರಿಸಿದೆ. ಇದನ್ನಾದರೂ ಪ್ರಶ್ನಿಸಬಹುದೇ?

ವಕೀಲರು: ಲೀಸಿನ ಕರಾರು ತೆಗೆದು ಓದಿ. ನೀವೇ ಸಹಿ ಹಾಕಿರುತ್ತೀರಿ.