ಅಪ್‌ಡೇಟ್: ಅಡಿಕೆ ಲಾಟ್ ಚೈನಿನಲ್ಲಿ ಶಿರಸಿ–ಕಾರವಾರ ನೋಡ್ ತಾಳೆಯಾಗದ್ದಕ್ಕೆ ಕಾರಣ

ಅಡಿಕೆ ಲಾಟ್‌ಗಳ ದಾಖಲೆ ಇಡುವ ನಮ್ಮ ಬ್ಲಾಕ್‌ಚೈನಿನಲ್ಲಿ, ಒಂದೇ ಬ್ಲಾಕಿಗೆ ಎರಡು ನೋಡ್‌ಗಳಲ್ಲಿ (ಚೈನಿನ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳಲ್ಲಿ) ಬೇರೆ ಬೇರೆ ಸ್ಟೇಟ್ ರೂಟ್ (ಇಡೀ ಲೆಕ್ಕದ ಹ್ಯಾಶ್ ಗುರುತು) ಯಾಕೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಇಥೀರಿಯಂ ನೋಡ್ ನಡೆಸುವ ಗೆತ್ (Geth) ಲೈಬ್ರರಿಯ ಹಳೇ ದೋಷ. ಆವೃತ್ತಿ 1.9.7ರಿಂದ 1.9.16ರವರೆಗೆ, 4ನೇ ವಿಳಾಸದ ಡೇಟಾಕಾಪಿ ಪ್ರೀಕಂಪೈಲ್ (ಡೇಟಾ ನಕಲಿಸಲು ಗೆತ್‌ನಲ್ಲೇ ಇರುವ ಸಿದ್ಧ ಫಂಕ್ಷನ್) ಬೈಟ್‌ಗಳ ಪ್ರತಿ ಮಾಡದೆ ಅದೇ ಮೆಮೊರಿ ಸ್ಲೈಸನ್ನು ವಾಪಸ್ ಕೊಡುತ್ತಿತ್ತು. ಆಮೇಲೆ ಕಾಂಟ್ರಾಕ್ಟ್ (ಚೈನಿನ ಮೇಲೆ ಓಡುವ ಪ್ರೋಗ್ರಾಂ) ಆ ಜಾಗ ತಿದ್ದಿದರೆ ರಿಟರ್ನ್‌ಡೇಟಾವೂ, ಅಂದರೆ ಆ ಕರೆಗೆ ಬಂದ ಉತ್ತರವೂ, ಬದಲಾಗುತ್ತದೆ. ಕ್ರ್ಯಾಶ್ ಇಲ್ಲ, ಲೆಕ್ಕ ಮಾತ್ರ ಬೇರೆ, ಅದೇ ಕಿರಿಕಿರಿ. 2020ರ ನವೆಂಬರ್ 11ರಂದು ಇಥೀರಿಯಂ ಚೈನ್ ಎರಡಾಗಿ ಒಡೆದದ್ದೂ ಇದರಿಂದಲೇ.

ಶಿರಸಿಯ ನೋಡ್‌ನದು ಗೆತ್ 1.9.25, ಈ ದೋಷದ ಮಟ್ಟಿಗೆ ಸರಿಯಿತ್ತು. ಕಾರವಾರದ ಗೋ ಸರ್ವಿಸ್‌ನ ವೆಂಡರ್ ಫೋಲ್ಡರಿನಲ್ಲಿ (ಹೊರಗಿನ ಲೈಬ್ರರಿಗಳ ಪ್ರತಿ ಇಡುವ ಜಾಗ) 1.9.15 ಕೂತಿತ್ತು. ಈ ದೋಷ ಸರಿಯಾದ 1.9.17ಕ್ಕೇ ನಿಲ್ಲಬೇಡಿ, ಇದೇ ಜಾತಿಯ ಇನ್ನೊಂದು ತೂತು ಮುಚ್ಚಿದ್ದು 1.10.8ರಲ್ಲಿ. ಅಪ್‌ಗ್ರೇಡ್ ಆದಮೇಲೆ ಗೆತ್‌ನ ಡೀಬಗ್ ಸೆಟ್‌ಹೆಡ್ (debug.setHead) ಆಜ್ಞೆ ಬಳಸಿ, ಕಾರವಾರದ ನೋಡನ್ನು ಕೆಟ್ಟ ಬ್ಲಾಕಿನ ಹಿಂದಕ್ಕೆ ಸರಿಸಿ ಮರುಸಿಂಕ್ ಮಾಡಬೇಕು.