‘ಕ್ಲ್ಯಾಮರ್’ ಎಂದರೆ ಬರೀ ಪ್ರತಿಭಟನೆಯೇ?

ರಘು ಚಿಕ್ಕಪ್ಪ: (ಮನೆಯವರ ಗುಂಪಿಗೆ ಕಳಿಸಿದ ಚಿತ್ರ) ‘ಇಂದಿನ ಇಂಗ್ಲಿಷ್ ಪದ: ಕ್ಲ್ಯಾಮರ್ (clamour). ಅರ್ಥ: ಪ್ರತಿಭಟನೆ.’ ಮಕ್ಕಳೆಲ್ಲರೂ ಇದನ್ನು ಬರೆದಿಟ್ಟುಕೊಳ್ಳಲಿ.

ವೀಣಾ: ಚಿಕ್ಕಪ್ಪ, ದಯವಿಟ್ಟು ಬೇಡ. ಒಬ್ಬರೇ ಕುಳಿತು ಬರೆದ ಆಕ್ಷೇಪಣೆಯ ಪತ್ರವೂ ಪ್ರತಿಭಟನೆಯೇ, ಕಪ್ಪು ಪಟ್ಟಿ ಕಟ್ಟಿಕೊಂಡು ನಡೆಸುವ ಮೌನ ಮೆರವಣಿಗೆಯೂ ಪ್ರತಿಭಟನೆಯೇ. ಆದರೆ ಇವೆರಡನ್ನೂ ಕ್ಲ್ಯಾಮರ್ ಎನ್ನಲು ಬರುವುದಿಲ್ಲ. ಕೂಗು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಪದವಿದು. ಸದ್ದಿಲ್ಲದ ಕಡೆ ಇದಕ್ಕೆ ಜಾಗವಿಲ್ಲ.

ರಘು ಚಿಕ್ಕಪ್ಪ: ನಿಘಂಟಿನಲ್ಲಿ ‘ಜೋರಾದ ಪ್ರತಿಭಟನೆ’ ಎಂದಿರುವುದನ್ನು ನಾನೇ ನೋಡಿದ್ದೇನೆ. ಇಂಗ್ಲಿಷ್ ಕಾಲುವೆಯ ಜರ್ಸಿ, ಗರ್ನ್ಸಿ ದ್ವೀಪಗಳ ಹಳೆಯ ನಾರ್ಮನ್ (ಫ್ರಾನ್ಸಿನ ನಾರ್ಮಂಡಿಯ) ಕಾನೂನಿನಲ್ಲೂ ಇದೇ ಮೂಲದ ಪದವಿದೆ: ‘ಕ್ಲಾಮರ್ ದ ಹಾರೋ’. ಯಾರಾದರೂ ಇನ್ನೊಬ್ಬರ ಆಸ್ತಿಗೆ ಕೈಹಾಕಿದರೆ, ನೊಂದವನು ಸಾಕ್ಷಿಗಳೆದುರು ಮಂಡಿಯೂರಿ ‘ಹಾರೋ’ ಎಂದು ಮೂರು ಸಲ ಕೂಗುತ್ತಾನೆ. ನ್ಯಾಯಾಲಯ ವಿಚಾರಿಸುವವರೆಗೆ ಎದುರಾಳಿ ಕೆಲಸ ನಿಲ್ಲಿಸಲೇಬೇಕು. ಇದು ಪ್ರತಿಭಟನೆಯಲ್ಲದೆ ಮತ್ತೇನು?

ವೀಣಾ: ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ. ಆದರೆ ಅಲ್ಲಿಯೂ ಬಾಯಿಬಿಟ್ಟು ಕೂಗದೆ ಆ ತಡೆ ಜಾರಿಗೆ ಬರುವುದಿಲ್ಲವಲ್ಲ! ನಿಘಂಟಿನ ‘ಜೋರಾದ’ ಎಂಬ ಮಾತನ್ನೇ ಚಿತ್ರ ಮಾಡಿದವರು ಬಿಟ್ಟಿದ್ದಾರೆ. ಅಷ್ಟೇ ಅಲ್ಲ, ಪದದ ನಂತರ ‘ಅಗೇನ್ಸ್ಟ್’ ಬಂದರೆ ವಿರೋಧ, ‘ಫಾರ್’ ಬಂದರೆ ಬೇಡಿಕೆ. ‘ಕ್ಲ್ಯಾಮರ್ ಫಾರ್ ಟಿಕೆಟ್ಸ್’ ಎಂದರೆ ಟಿಕೆಟ್ ಬೇಕೆಂದು ಜನ ಮುಗಿಬಿದ್ದು ಕೇಳುವುದು. ಅಲ್ಲಿ ಯಾರೂ ಯಾವುದನ್ನೂ ವಿರೋಧಿಸುತ್ತಿಲ್ಲ.

ಸುಮಾ ಅತ್ತೆ: ಹಾಗಾದರೆ ಪತ್ರಿಕೆಗಳಲ್ಲಿ ಬರುವ ‘ಔಟ್‌ಕ್ರೈ’ ಬೇರೆಯೇ, ವೀಣಾ?

ವೀಣಾ: ಹತ್ತಿರದ್ದು, ಆದರೆ ತೂಕ ಬೇರೆ, ಅತ್ತೆ. ‘ಪಬ್ಲಿಕ್ ಔಟ್‌ಕ್ರೈ’ ಎಂದಾಗ ಅನ್ಯಾಯ ಕಂಡು ಜನ ಸಿಡಿದೆದ್ದರು ಎಂಬ ಧ್ವನಿಯಿದೆ. ಕ್ಲ್ಯಾಮರ್ ಎಂದಾಗ ಕೇಳಿಸುವುದು ಹಲವು ಬಾಯಿಗಳ ಗದ್ದಲ. ಮನೆ ಕಳೆದುಕೊಂಡವರು ಪರಿಹಾರ ಕೇಳಿ ಬೀದಿಗಿಳಿದಾಗ ವರದಿಗಾರ ಈ ಎರಡರಲ್ಲಿ ಯಾವ ಪದ ಆರಿಸಿದ ಎಂಬುದರ ಮೇಲೆ, ಓದುಗ ಅವರನ್ನು ನೊಂದವರೆಂದು ಕಾಣುತ್ತಾನೋ ಗಲಾಟೆಯವರೆಂದು ಕಾಣುತ್ತಾನೋ ಎಂಬುದು ನಿಂತಿರುತ್ತದೆ. ಅದಕ್ಕೇ ನಾನು ಇಷ್ಟು ಹಟ ಹಿಡಿದಿರುವುದು.

ರಘು ಚಿಕ್ಕಪ್ಪ: ಪ್ರತಿಭಟನೆ ಎಂಬ ಅರ್ಥವನ್ನು ನಾನು ಬಿಟ್ಟುಕೊಡುವುದಿಲ್ಲ. ‘ಗದ್ದಲದ ಕೂಗು; ಜೋರಾದ ಬೇಡಿಕೆ ಅಥವಾ ಪ್ರತಿಭಟನೆ’ ಎಂದು ತಿದ್ದಿ ಹಾಕಲೇ?

ವೀಣಾ: ಹಾಕಿ ಚಿಕ್ಕಪ್ಪ. ‘ಫಾರ್’, ‘ಅಗೇನ್ಸ್ಟ್’ ಎರಡಕ್ಕೂ ಒಂದೊಂದು ವಾಕ್ಯ ಸೇರಿಸಿ.